ಬಿಸಿಗೆ ತೆರೆದ ದಾರಿ

ಮಾರ್ಚ್ ೯, ಭಾನುವಾರ

ಮಹಾರಾಯನಿಗೆ,

ನಾವಿಬ್ಬರೂ ಕ್ಷೇಮ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರಿಸದೆ ಕುಳಿತೆನೆಂದು ಮುನಿಸಿಕೊಳ್ಳಬೇಡ. ಫೋನ್ ಮಾಡಿದರೆ ಎರಡನೇ ಮಾತಿಗೇ ಜಗಳ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಬಾಯಿ ಹಾಕುವ ಹಾಗಿಲ್ಲ.

ಮೊನ್ನೆ ಮಗಳು, "ಅಮ್ಮ, ನೀನೂ ಅಪ್ಪನೂ ಮಾಡಿದ ಚಿಪ್ ಏನ್ ಮಾಡುತ್ತೆ?" ಎಂದಳು. ಕೂದಲಿಗಿಂತ ಸಣ್ಣ ದಾರಿ, ಅದರೊಳಗೆ ಬೆಳಕು ಹೋಗುತ್ತೆ, ವೋಲ್ಟೇಜ್ ಕೊಟ್ಟರೆ ಆಚೆ ಬಿಡುತ್ತೆ, ತೆಗೆದರೆ ಬಂದ ದಾರೀಲೇ ವಾಪಸ್ ಕಳಿಸುತ್ತೆ ಎಂದೆ.

"ವಾಚ್‌ಮನ್ ಥರ!"

"ಹೂಂ, ಆದ್ರೆ ನೀನು ಕಣ್ಣು ಮಿಟುಕಿಸೋದ್ರೊಳಗೆ ಕೋಟಿ ಸಲ ಗೇಟು ತೆಗೆದು ಮುಚ್ಚಬೇಕು."

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ಗುರುವಾರ ಲ್ಯಾಬಿನಲ್ಲಿ ನಮ್ಮ ಆ ಹಳೆಯ ಚಿಪ್ಪನ್ನು ಮತ್ತೆ ಪರೀಕ್ಷೆಯ ಮೇಜಿಗೆ ಹಾಕಿದೆ. ನಿಧಾನವಾಗಿ ವೋಲ್ಟೇಜ್ ಏರಿಸಿದರೆ ಬೆಳಕು ಆಚೆ ಹೋಗುತ್ತದೆ, ನಮ್ಮ ಲೇಖನದಲ್ಲಿ ಬರೆದ ಹಾಗೆಯೇ. ವೋಲ್ಟೇಜ್ ಕೊಟ್ಟು ತೆಗೆಯುವ ವೇಗ ಹೆಚ್ಚಿಸಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ, ಹೋದ ಬೆಳಕೆಲ್ಲ ವಾಪಸ್. ಕೊನೆಗೆ ವೋಲ್ಟೇಜಿನ ತಂತಿಯನ್ನೇ ಕಳಚಿ, ಚಿಪ್ಪಿನ ಕೆಳಗಿನ ಹೀಟರ್ ಮಾತ್ರ ಹಾಕಿ ನೋಡಿದೆ. ದಾರಿ ತೆರೆಯಿತು! ಅಂದರೆ ಇಷ್ಟು ದಿನ ಗೇಟು ತೆಗೆಯುತ್ತಿದ್ದದ್ದು ವೋಲ್ಟೇಜ್ ಅಲ್ಲ, ಒಳಗೆ ಸೋರಿದ ಕರೆಂಟಿನ ಬಿಸಿ. ಬಿಸಿ ಏರಿ ಇಳಿಯುವಷ್ಟರಲ್ಲಿ ಕೋಟಿ ಸಲವೆಲ್ಲಿಂದ ಬಂತು?

ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಹಾಲಿಟ್ಟು ಮರೆತು ಪಾತ್ರೆ ಸುಟ್ಟೆ. ಮಗಳ ಮೇಲೆ ಸುಮ್ಮನೆ ರೇಗಿದೆ. ನಮ್ಮ ಪ್ರೊಫೆಸರರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು, "ಅವನ ಕಂಪನಿ ನಿಂತಿರೋದೇ ಇದರ ಮೇಲೆ ಅಲ್ವೇನಮ್ಮಾ? ಮೊದಲು ನೀನೇ ಅವನಿಗೆ ಹೇಳು. ತಿಂಗಳ ಕೊನೆಗೆ ನಾನು ಲೇಖನ ತಪ್ಪು ಅಂತ ಅದು ಅಚ್ಚಾದ ಪತ್ರಿಕೆಗೆ ಬರೀಲೇಬೇಕು" ಎಂದರು.

ಅವರಿಗಿಂತ ಮುಂಚೆ ನೀನೇ ಬರೆ, ನಿನ್ನ ದಮ್ಮಯ್ಯ. ಕೆಲಸ ಹೋದರೆ ಹೋಗಲಿ. ಇಲ್ಲಿ ಮನೆಯಿದೆ, ನನ್ನ ಸಂಬಳವಿದೆ. ಎಡವುವುದು ನಡೆಯುವವನೇ ತಾನೇ? ಜನ ನಾಲ್ಕು ದಿನ ಆಡಿಕೊಂಡು ಮರೆಯುತ್ತಾರೆ.

ಮಗಳು ಮುತ್ತು ಕಳಿಸಿದ್ದಾಳೆ. ಧೈರ್ಯವಾಗಿರು, ನಿನಗೆ ಒಳ್ಳೆಯದಾಗಲಿ.

ನಿನ್ನ
ತಕರಾರಮ್ಮ

ತಾ.ಕ.: ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಲೇಖನ ಕಳಿಸುವ ಮೊದಲು ವೇಗದ ಪರೀಕ್ಷೆಯನ್ನೂ ಮಾಡಿಬಿಡೋಣ ಎಂದು ನಾನು ಗೋಗರೆದಾಗ ನೀನು, "ವೇಗ ಅಳೆಯೋ ಆಸಿಲೋಸ್ಕೋಪೇ ರಿಪೇರಿಗೆ ಹೋಗಿದೆ ಕಣೇ" ಎಂದಿದ್ದೆ. ಶುಕ್ರವಾರ ಮಾತಿಗೆ ಮಾತು ಬಂದು ಲ್ಯಾಬಿನ ಸ್ಟೋರಿನವರು ಹೇಳಿದರು: "ಅದು ರಿಪೇರಿಗೆ ಹೋಗೇ ಇಲ್ಲ ಮೇಡಂ. ಆ ವಾರ ನಿಮ್ಮ ಯಜಮಾನ್ರ ರೂಮಲ್ಲೇ ಇತ್ತು, ನಾನೇ ಹೊತ್ತುಕೊಟ್ಟಿದ್ದೆ." ಪತ್ರಿಕೆಗೆ, ಕಂಪನಿಗೆ ಏನು ಬೇಕಾದರೂ ಬರೆದುಕೋ. ನನಗೆ ಹೌದು, ಇಲ್ಲ, ಇಷ್ಟೇ ಬರೆ: ನೀನೊಬ್ಬನೇ ಪರೀಕ್ಷೆ ಮಾಡಿ, ದಾರಿ ತೆರೆಯದ್ದನ್ನು ನೋಡಿ, ಆಮೇಲೆ ಲೇಖನದಲ್ಲಿ ನನ್ನ ಹೆಸರನ್ನೂ ನಿನ್ನ ಹೆಸರಿನ ಪಕ್ಕ ಸೇರಿಸಿದೆಯಾ?