ಬಾಯಿ ಬಿಡದ ಮೇಡಂ

ಮಾರ್ಚ್ ೧೪, ಗುರುವಾರ

ಆ ನಗು ಇನ್ನೂ ಕಿವಿಯಲ್ಲೇ ಇದೆ. ನಾನೂ ನನ್ನ ಗೈಡ್ ಮೇಡಮ್ಮೂ ಕಂಡುಹಿಡಿದ, ಒದ್ದೆ ಗಾಯಕ್ಕೂ ಹಿಡಿಯುವ ಅಂಟಿನ ಬಗ್ಗೆ ಇವತ್ತು ವಿಚಾರ ಸಂಕಿರಣದಲ್ಲಿ ಮಾತಾಡಿದೆವು.

"ಅಂಟಿಗೆ ಏನು ಬೆರೆಸಿದೀರಮ್ಮಾ?" ಎಂದು ಹಿರಿಯ ಪ್ರೊಫೆಸರೊಬ್ಬರು ಕೇಳಿದರು.

"ಇವತ್ತು ಹೇಳೋಕಾಗಲ್ಲ ಸರ್," ಅಂದರು ಮೇಡಂ.

"ಗೊತ್ತಿದ್ರೆ ತಾನೇ ಹೇಳೋದು!" ಎಂದು ಪ್ರೊಫೆಸರ್ ಅಣಕಿಸಿದರು.

ಸಭೆಯೆಲ್ಲ ನಕ್ಕಿತು. ಗಂಟೆ ಹೊಡೆದರೂ ಪಾಠ ನಿಲ್ಲಿಸದ ಮೇಡಂ ತುಟಿ ಪಿಟಕ್ಕೆನ್ನಲಿಲ್ಲ. ನಾನು ತಡೆಯಲಾರದೆ ಉತ್ತರ ಹೇಳಹೊರಟೆ. ಮೇಜಿನ ಕೆಳಗೆ ಮೇಡಂ ನನ್ನ ಕಾಲು ತುಳಿದರು.

ಹೊರಗೆ ಬಂದು ಗದರಿದರು: "ಅರ್ಜಿ ಹಾಕೋಕೆ ಮುಂಚೆ ಗುಟ್ಟು ಬಿಟ್ಕೊಟ್ರೆ ಪೇಟೆಂಟೇ ಸಿಗಲ್ಲ ಕಣೇ. ಹೋದ ನನ್ನ ಮಾನ ನಾಳೆ ವಾಪಸ್ ಬರುತ್ತೆ. ಪೇಟೆಂಟಲ್ಲಿ ಬರಬೇಕಾದ ನಿನ್ನ ಹೆಸರು ಹೋದ್ರೆ ಬರಲ್ಲ."

ಎಂಥ ಗಟ್ಟಿ ಹೆಂಗಸು!

ಕಾಲಿನ ಹೆಬ್ಬೆರಳು ಊದಿದೆ. ಏನಾಯ್ತೇ ಎಂದು ಅಮ್ಮ ಕೇಳಿದಳು.

"ಇವತ್ತು ಹೇಳೋಕಾಗಲ್ಲಮ್ಮ," ಅಂದೆ.