ಹಸಿಮಣ್ಣಿನ ಬಿಲ್ಲೆಗಳು

ಗುರುವಾರ, ಮಧ್ಯಾಹ್ನ

ನಮ್ಮ ಮನೆಯ ಸೊಸೆಗೆ,

ಅತ್ತೆಯ ಆಶೀರ್ವಾದ. ಸಿಟ್ಟು ಮಾಡಿಕೊಂಡವರಿಗೂ ಆಶೀರ್ವಾದ ತಲುಪುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ನಾನು ಈ ಹೆಂಚಿನ ಭಟ್ಟಿಯ ಯಜಮಾನಿ. ನಿನ್ನ ಮಾವ ಹೋದ ಮೇಲೆ ಈ ಅಂಗಳದಲ್ಲಿ ಮಣ್ಣು ಕಲಸುವುದರಿಂದ ಹಿಡಿದು ಲಾರಿ ತುಂಬುವವರೆಗೆ ನಡೆಯುವುದೆಲ್ಲ ನನ್ನ ಮಾತಿನ ಮೇಲೆ. ಹೈಸ್ಕೂಲು ಪಾಸು ಮಾಡಿದವಳು, ಅದೂ ಒಂದೇ ಸಲಕ್ಕೆ. ಲಾರಿ ಡ್ರೈವರುಗಳು ನನ್ನನ್ನು ಕಂಡರೆ ಸಿಗರೇಟು ಬೆನ್ನ ಹಿಂದೆ ಮಾಡುತ್ತಾರೆ. ನಿನ್ನ ಗಂಡ ಇಷ್ಟು ದೊಡ್ಡವನಾಗಿದ್ದರೂ ನನ್ನೆದುರು ಕುರ್ಚಿಯ ತುದಿಯಲ್ಲೇ ಕೂರುತ್ತಾನೆ. ಯಾಕೆ ಹೀಗೆ ಮಾಡಿದೆ ಎಂದು ನಾನು ಯಾರಿಗೂ ಸಮಜಾಯಿಷಿ ಕೊಟ್ಟವಳಲ್ಲ. ನಿನಗೆ ಕೊಡುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ಇಲ್ಲಿ ಗೋಡೆಗೆ ಕಿವಿ ಕೊಟ್ಟು ನಿಲ್ಲುವ ಮಗನಿದ್ದಾನೆ.

ಮಂಗಳವಾರ ಬೆಳಿಗ್ಗೆ ನೀನು ಚೀಲ ತೆಗೆದುಕೊಂಡು ತವರಿಗೆ ಹೊರಟಾಗ ನನಗೆ ಒಂದು ಮಾತೂ ಹೇಳಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ನಿನ್ನ ಗಂಡನಿಗೆ ಮಾತ್ರ ಹೇಳಿದೆಯಂತೆ, ನಿಮ್ಮಮ್ಮ ಗೆದ್ದರು, ನಾನು ಕಾಲೇಜು ಬಿಡ್ತೀನಿ, ಇನ್ನು ಅವರು ಆರಾಮಾಗಿರಲಿ ಅಂತ. ಅವನು ಆ ಮಾತನ್ನು ನನ್ನ ತನಕ ತರಲು ಎರಡು ಲೋಟ ಕಾಫಿ ಕುಡಿದ.

ನಾನು ಏನು ಗೆದ್ದೆ ಎಂದು ನನಗೆ ಮೊದಲು ಹೊಳೆಯಲಿಲ್ಲ. ಆಮೇಲೆ ವರಾಂಡದ ಕಟ್ಟೆ ನೋಡಿದೆ. ಕಾಲೇಜಿಗೆಂದು ಹಸಿಮಣ್ಣಿನಲ್ಲಿ ಮಾಡಿ, ಮೇಲೆ ಹಳೆಯ ಕಾಲದ ಬರಹ ಕೊರೆದು ನೀನು ಒಣಗಲು ಇಟ್ಟಿದ್ದ ಬಿಲ್ಲೆಗಳ ಹಲಗೆ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಆ ಹಲಗೆಯನ್ನು ಅಲ್ಲಿಂದ ತೆಗೆ ಎಂದವಳು ನಾನೇ, ಹೌದು. ಮನೆಯೊಳಗೆ ಮಣ್ಣು ಬೇಡ, ಅದಕ್ಕೇ ಅಂಗಳ ಇರೋದು ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಯಾವ ಕಾಲದಲ್ಲೋ ಸತ್ತುಹೋದವರ ಗೋಧಿ ಬಾರ್ಲಿ ಲೆಕ್ಕ ಮಣ್ಣಿನ ಮೇಲೆ ಬರೆಯೋದಕ್ಕೆ ಇಷ್ಟು ಶ್ರದ್ಧೆ, ಬದುಕಿರೋರ ಸಾರಿಗೆ ಉಪ್ಪು ಹಾಕೋದು ಮಾತ್ರ ಮರೆತುಹೋಗುತ್ತೆ ಎಂದೂ ಸೇರಿಸಿದೆ. ಸಾರಿಗೆ ಉಪ್ಪು ಇರಲಿಲ್ಲ, ಅದು ನಿಜ. ನೀನು ಹಲಗೆ ಎತ್ತಿಕೊಂಡು ಹೋಗಿ ಭಟ್ಟಿಯ ಬಾಗಿಲ ಪಕ್ಕದ ರ‍್ಯಾಕಿನಲ್ಲಿ ಇಟ್ಟು ಬಂದೆ. ನೀನು ಗಡಿಯಾರ ರಿಪೇರಿಯವರ ಮನೆಯಿಂದ ಬಂದವಳು. ಆ ರ‍್ಯಾಕು ಎಂಥದ್ದೆಂದು ನಿನಗೆ ಗೊತ್ತಿರಲಿಲ್ಲ. ನಾನೂ ಹೇಳಿರಲಿಲ್ಲ.

ಈಗ ಹೇಳುತ್ತೇನೆ. ಭಟ್ಟಿ ತುಂಬುವಾಗ ನಡುನಡುವೆ ಸಂದು ಉಳಿಯುತ್ತದೆ. ಸಂದು ಖಾಲಿ ಬಿಟ್ಟರೆ ಬೆಂಕಿ ಅಲ್ಲಿಂದಲೇ ಓಡಿಹೋಗುತ್ತದೆ, ಹೆಂಚು ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿಯಾಗಿರುತ್ತದೆ. ಅದಕ್ಕೆ ಆ ರ‍್ಯಾಕಿನಲ್ಲಿ ಏನೇ ಹಸಿಮಣ್ಣಿನ ಸಾಮಾನಿದ್ದರೂ, ಹೂಕುಂಡ, ಮಕ್ಕಳ ಗೊಂಬೆ, ಯಾರೋ ಮಾಡಿಟ್ಟ ಬಟ್ಟಲು, ಯಾರದ್ದು ಎಂದು ಕೇಳದೆ ಸಂದಿಗೆ ತುಂಬುತ್ತಾರೆ. ಈ ಪದ್ಧತಿ ನನ್ನದು. ಸೋಮವಾರ ಕತ್ತಲಾಗುವ ಮುಂಚೆ ಭಟ್ಟಿ ತುಂಬಿ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತಿದರು.

ಬೆಳಿಗ್ಗೆ ನೀನು ರ‍್ಯಾಕು ಖಾಲಿಯಾಗಿದ್ದು ನೋಡಿದೆ, ಹೊಗೆ ನೋಡಿದೆ, ಹಿಂದಿನ ದಿನದ ನನ್ನ ಮಾತು ನೆನಪಾಯಿತು. ಅತ್ತೆ ಬೇಕೆಂದೇ ಸುಡಿಸಿದಳು ಎಂದುಕೊಂಡೆ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಆದರೆ ನಾನಾಗಿದ್ದರೆ ಹೋಗುವ ಮುಂಚೆ ಮುಖದ ಮೇಲೆ ಹೇಳಿ ಹೋಗುತ್ತಿದ್ದೆ. ಇನ್ನು ಮುಂದೆ ಹಾಗೆ ಮಾಡು.

ಮೇಸ್ತ್ರಿಯನ್ನು ಕರೆದು ಕೇಳಿದೆ. ಅವನಿಗೆ ಹೆಮ್ಮೆಯೋ ಹೆಮ್ಮೆ. ನಮ್ಮ ಕಾಲೇಜಮ್ಮನ ಕೆಲಸ ಅಲ್ವಾ ಅಮ್ಮ, ಸಂದಿಗೆ ತುರುಕಲಿಲ್ಲ, ನಟ್ಟನಡುವೆ ಒಳ್ಳೆ ಜಾಗದಲ್ಲಿ ಇಟ್ಟಿದ್ದೀನಿ, ಒಂದೂ ಬಿರುಕು ಬಿಡಲ್ಲ ನೋಡ್ತಿರಿ ಎಂದ. ಪಾಪ, ಅವನಿಗೇನು ಗೊತ್ತು. ನಮ್ಮ ಕಸುಬಿನಲ್ಲಿ ಹಸಿಯಾಗಿ ಉಳಿಯಬೇಕು ಎಂದು ಯಾರೂ ಏನನ್ನೂ ಮಾಡುವುದಿಲ್ಲ.

ನಿನ್ನ ಬಿಲ್ಲೆಗಳು ಹಸಿಯಾಗೇ ಇರಬೇಕು ಎಂದು ನನಗೆ ಗೊತ್ತಿತ್ತು. ಹೇಗೆ ಗೊತ್ತಿತ್ತೆಂದರೆ, ನೀನು ತರಕಾರಿ ಹೆಚ್ಚುತ್ತಾ ಪಾಠ ಒಪ್ಪಿಸುತ್ತೀಯಲ್ಲ, ನನಗೇನು ಕಿವುಡೇ. ಅದೂ ಅಲ್ಲದೆ ಆ ಪುಸ್ತಕ ಯಾವಾಗಲೂ ಬೇಳೆ ಡಬ್ಬದ ಪಕ್ಕದಲ್ಲೇ ಬಿದ್ದಿರುತ್ತದೆ. ಬೇಳೆ ಬೇಯುವವರೆಗೆ ಮನುಷ್ಯರು ಏನಾದರೂ ನೋಡಬೇಕಲ್ಲ. ಪ್ರಾಚೀನ ನಾಗರಿಕತೆಗಳು ಎಂದು ಹೆಸರು ನೋಡಿ ಕಿರೀಟ ಇಟ್ಟವರ ಪುರಾಣ ಇರಬೇಕು ಎಂದುಕೊಂಡಿದ್ದೆ. ನೋಡಿದರೆ ಮೊದಲ ಪಾಠದ ತುಂಬ ಇಟ್ಟಿಗೆ, ಮಡಕೆ, ಚರಂಡಿ, ಕಣಜ. ನಮ್ಮ ಅಂಗಳದ ವಿಷಯವೇ. ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಸಾವೇ ಶಿಕ್ಷೆ ಎಂದು ಒಬ್ಬ ರಾಜ ಕಲ್ಲಿನ ಮೇಲೆ ಕೆತ್ತಿಸಿದ್ದನಂತಲ್ಲ, ಆ ಪುಟವನ್ನು ನಮ್ಮ ಹೊಸ ಕಂಟ್ರಾಕ್ಟರಿಗೆ ಓದಿ ಹೇಳಬೇಕೆಂದು ಗುರುತು ಮಾಡಿದ್ದೇನೆ. ಪುಟದ ಮೂಲೆ ಮಡಿಸಿದ್ದು ಯಾರು ಎಂದು ಹೋದ ವಾರ ನೀನು ಗಂಡನನ್ನು ಬೈಯುತ್ತಿದ್ದೆ. ಅವನು ಆ ಪುಸ್ತಕ ಮುಟ್ಟಿಲ್ಲ.

ಎರಡು ನದಿಗಳ ನಡುವಿನ ಜನ ಹಸಿಮಣ್ಣಿನ ಮೇಲೆ ಬರೆದು ಬಿಸಿಲಿಗೆ ಒಣಗಿಸುತ್ತಿದ್ದರು, ಕೆಲಸ ಮುಗಿದ ಮೇಲೆ ನೀರಲ್ಲಿ ನೆನೆಹಾಕಿ ಅದೇ ಮಣ್ಣಿನಲ್ಲಿ ಮತ್ತೆ ಬರೆಯುತ್ತಿದ್ದರು. ಶತ್ರುಗಳು ಬಂದು ಅರಮನೆಗೆ ಬೆಂಕಿ ಇಟ್ಟಾಗ ಒಳಗಿದ್ದ ಬರಹವೆಲ್ಲ ಬೆಂದು ಗಟ್ಟಿಯಾಗಿ ನಮ್ಮ ಕಾಲದವರೆಗೂ ಉಳಿಯಿತು. ಈ ಭಾಗವನ್ನು ನಾನು ಎರಡು ಸಲ ಓದಿದೆ. ಊರು ನೆಮ್ಮದಿಯಾಗಿದ್ದಾಗ ಬರೆದದ್ದು ಕರಗಿಹೋಯಿತು, ಊರು ಸುಟ್ಟಾಗ ಇದ್ದದ್ದು ಉಳಿಯಿತು. ಅದನ್ನೇ ಶನಿವಾರ ತರಗತಿಯಲ್ಲಿ ಎಲ್ಲರೆದುರು ಮಾಡಿ ತೋರಿಸಬೇಕು, ಅರ್ಧದಷ್ಟು ಬಿಲ್ಲೆಗಳು ಬೆಂಕಿಗೆ, ಉಳಿದವು ನೀರಿಗೆ ಎಂದು ನೀನು ನಿನ್ನ ಗಂಡನಿಗೆ ಎಷ್ಟು ಆಸೆಯಿಂದ ವಿವರಿಸುತ್ತಿದ್ದೆ. ಅವನು ಆಕಳಿಸುತ್ತಿದ್ದ. ನಾನು ಆಕಳಿಸಲಿಲ್ಲ. ನೀನು ನನ್ನ ಕಡೆ ನೋಡಲಿಲ್ಲ, ಅಷ್ಟೇ.

ಮಂಗಳವಾರ ಭಟ್ಟಿಯಲ್ಲಿ ಇನ್ನೂ ಸಣ್ಣ ಉರಿಯಿತ್ತು. ಸಣ್ಣ ಉರಿಯೆಂದರೆ ಮಣ್ಣಿನೊಳಗಿನ ತೇವ ಹಬೆಯಾಗಿ ಹೋಗಲೆಂದು ಇಡುವ ಬೆಂಕಿ. ಅದರಲ್ಲಿ ಮಣ್ಣು ಬೇಯುವುದಿಲ್ಲ, ಬರೇ ಒಣಗುತ್ತದೆ. ಸಂಜೆ ದೊಡ್ಡ ಉರಿ ಹಾಕಿಬಿಟ್ಟರೆ ಮುಗಿಯಿತು, ಆಮೇಲೆ ಸಮುದ್ರವನ್ನೇ ಸುರಿದರೂ ಕರಗುವುದಿಲ್ಲ.

ಬಾಗಿಲು ಒಡೆಯಿರಿ ಎಂದೆ.

ಮೇಸ್ತ್ರಿ ನಿನ್ನ ಗಂಡನ ಮುಖ ನೋಡಿದ. ಇವನು ನನ್ನ ಮುಖ ನೋಡಿದ. ಅಮ್ಮ, ತಣ್ಣನೆ ಗಾಳಿ ಹೊಡೆದರೆ ಹೆಂಚೆಲ್ಲ ಸೀಳಿಹೋಗುತ್ತೆ ಎಂದು ಮೇಸ್ತ್ರಿ ನನಗೇ ಪಾಠ ಹೇಳಿದ. ಸೀಳಲಿ ಎಂದೆ. ನಿನ್ನ ಗಂಡ ಎಷ್ಟು ನಷ್ಟ ಎಂದು ಬೆರಳು ಮಡಚತೊಡಗಿದ. ಕೈ ಜೇಬಿಗೆ ಹಾಕಿಕೋ ಎಂದೆ. ಒದ್ದೆ ಗೋಣಿ ಸುತ್ತಿಕೊಂಡು ಹೆಂಚು ಹೊರಗೆ ತೆಗೆದರು. ಒಂದೊಂದೇ ಟಿಣ್ ಟಿಣ್ ಎಂದು ಸೀಳುತ್ತಿತ್ತು. ಈ ಅಂಗಳದಲ್ಲಿ ಆ ಸದ್ದನ್ನು ನಾನಾಗಿ ಕೇಳಿ ತರಿಸಿಕೊಂಡದ್ದು ಅದೇ ಮೊದಲು. ನಾನು ಅಲ್ಲೇ ನಿಂತಿದ್ದೆ. ಹೊಗೆಗೆ ಕಣ್ಣು ಉರಿಯಿತು. ಮೇಸ್ತ್ರಿ ಬೇರೇನಾದರೂ ಹೇಳಿದರೆ ನಂಬಬೇಡ.

ನಿನ್ನ ಬಿಲ್ಲೆಗಳು ಸ್ವಲ್ಪ ಮಸಿ ಹಿಡಿದಿವೆ. ಬೆಂದಿಲ್ಲ, ಒಳಗೆ ಹಸಿಮಣ್ಣೇ. ಅದು ಗ್ಯಾರಂಟಿ.

ಇಷ್ಟಾದ ಮೇಲೆ ನೀನು ಕಾಲೇಜೇ ಬಿಟ್ಟರೆ ನಾನು ಬಾಗಿಲು ಒಡೆಸಿದ್ದು ಯಾತಕ್ಕೆ. ಬುಧವಾರ ಬೆಳಿಗ್ಗೆ ಒಳ್ಳೆ ಸೀರೆ ಉಟ್ಟು ನಿನ್ನ ಕಾಲೇಜಿಗೆ ಹೋದೆ. ಗೇಟಿನವನು ಯಾರನ್ನು ನೋಡಬೇಕು ಎಂದ. ಚರಿತ್ರೆ ಎಂದೆ. ಎರಡನೇ ಮಹಡಿ ಎಂದ. ಮೆಟ್ಟಿಲು ಹತ್ತಿ ಹೋಗುವ ಹೊತ್ತಿಗೆ ನಿಮ್ಮ ಟೀಚರ್ ಆಗಲೇ ಒಳಗಿದ್ದಳು. ಎಷ್ಟು ಚಿಕ್ಕವಳೇ ಅವಳು, ತೋಳಿನ ತುಂಬ ಸೀಮೆಸುಣ್ಣ. ನನ್ನನ್ನು ನೋಡಿ, ಬನ್ನಿ ಕೂತ್ಕೊಳ್ಳಿ, ಪಾಠ ಮುಗಿದ ಮೇಲೆ ಮಾತಾಡೋಣ ಎಂದಳು. ಕೊನೆಯ ಬೆಂಚಿನಲ್ಲಿ ಕೂತೆ. ಅದರ ಕಾಲು ಅಲ್ಲಾಡುತ್ತದೆ, ಯಾರಾದರೂ ಒಂದು ಚೂರು ಹೆಂಚು ಕೊಟ್ಟು ಸರಿಮಾಡಬಾರದೇ.

ಅವಳು ಹಾಜರಿ ತೆಗೆದಳು. ಹೆಸರಿಲ್ಲ, ಬರೀ ನಂಬರು. ನಿನ್ನ ನಂಬರು ನನಗೆ ಗೊತ್ತು, ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡಿದ್ದೀಯ. ಅದು ಬಂದಾಗ ಯಾರೂ ಉತ್ತರ ಕೊಡಲಿಲ್ಲ. ಇನ್ನೊಂದು ಸಲ ಕೂಗಿದಳು. ನಮ್ಮ ಮನೆಯವರನ್ನು ಎರಡೆರಡು ಸಲ ಕೂಗಿಸುವುದು ನನಗೆ ಆಗುವುದಿಲ್ಲ. ಎಸ್ ಮೇಡಂ ಎಂದೆ.

ತರಗತಿಯೆಲ್ಲ ತಿರುಗಿ ನೋಡಿತು. ಪಕ್ಕದ ಹುಡುಗಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡಳು. ನಿಮ್ಮ ಟೀಚರ್ ಮಾತ್ರ ನಗಲಿಲ್ಲ. ನೀವು ಅವರ ಅತ್ತೆಯವರಲ್ವಾ, ಅವರು ಹೇಳ್ತಿರ್ತಾರೆ ಎಂದಳು. ಏನು ಹೇಳುತ್ತಿರುತ್ತೀಯ ಎಂದು ನಾನು ಕೇಳಲಿಲ್ಲ.

ಪಾಠ ಚೆನ್ನಾಗಿತ್ತು. ಹಳೆಯ ಕಾಲದ ವ್ಯಾಪಾರಿಗಳದ್ದು. ಕೊನೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯಾ ಎಂದಳು. ಈ ಬಿಲ್ಲೆಗಳಲ್ಲಿ ಹೆಂಗಸರು ಬರೆದದ್ದು ಏನಾದರೂ ಸಿಕ್ಕಿದೆಯೇ ಎಂದು ನಾನು ಕೇಳಿದೆ. ಸಿಕ್ಕಿದೆಯಂತೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಮನೆಯಲ್ಲಿ ಬಟ್ಟೆ ನೇಯಿಸಿ, ಅದನ್ನು ಕತ್ತೆಗಳ ಮೇಲೆ ಹೇರಿ ದೂರದೂರಲ್ಲಿದ್ದ ಗಂಡಂದಿರಿಗೆ ಕಳಿಸುತ್ತಿದ್ದ ಹೆಂಗಸರಿದ್ದರಂತೆ. ಅವರಲ್ಲೊಬ್ಬಳು, ಬಟ್ಟೆ ಚೆನ್ನಾಗಿಲ್ಲ ಅಂತ ಯಾಕೆ ಸದಾ ಹೆಸರಿಡ್ತೀಯ ಎಂದು ಮಣ್ಣಿನ ಮೇಲೇ ಜಗಳ ತೆಗೆದಿದ್ದಾಳಂತೆ. ನನಗೆ ಆ ಹೆಂಗಸು ಬಹಳ ಹಿಡಿಸಿದಳು. ಈ ಕಾಗದ ಬರೆಯುವ ಧೈರ್ಯ ಬಂದದ್ದು ಅಲ್ಲಿ ಎಂದಿಟ್ಟುಕೋ.

ಎಲ್ಲರೂ ಹೋದ ಮೇಲೆ ಟೀಚರ್ ನಿನ್ನ ಅರ್ಜಿ ತೋರಿಸಿದಳು. ಕಾಲೇಜು ಬಿಡುತ್ತೇನೆ ಎಂದು ಮಂಗಳವಾರ ತವರಿಗೆ ಹೋಗುವ ದಾರಿಯಲ್ಲೇ ಬರೆದು ಕೊಟ್ಟು ಹೋಗಿದ್ದೀಯ. ಸಿಟ್ಟಿನಲ್ಲೂ ನಿನ್ನ ಅಕ್ಷರ ಒಂದೂ ವಕ್ರವಾಗಿಲ್ಲ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ನೀನು ದಿನಾ ಬರುವ ಹೊತ್ತಿಗೆ ಹಾಜರಿ ಮುಗಿದಿರುತ್ತದಂತೆ. ಬಾಗಿಲಲ್ಲಿ ನಿಂತು ಸೆರಗಿಗೆ ಕೈಯ ಕೆಂಪು ಧೂಳು ಒರೆಸಿಕೊಂಡು ಒಳಗೆ ಬರುತ್ತೀಯಂತೆ. ಒಳ್ಳೆ ಹುಡುಗಿ, ಎಲ್ಲಾದಕ್ಕೂ ಉತ್ತರ ಗೊತ್ತಿರುತ್ತೆ, ಆದ್ರೆ ಹಾಜರಿ ಸಾಲದು, ಶನಿವಾರದ ಪ್ರಯೋಗವೂ ಇಲ್ಲ ಅಂದ್ರೆ ನಾನು ಪರೀಕ್ಷೆಗೆ ಕೂರಿಸೋ ಹಾಗಿಲ್ಲ ಅಮ್ಮ ಎಂದಳು.

ನಾನು ಮೆಟ್ಟಿಲು ನಿಧಾನವಾಗಿ ಇಳಿದೆ.

ಬೆಳಗಿನ ಲಾರಿಗೆ ಹೆಂಚು ಎಣಿಸಿ ಹಾಕುವ ಕೆಲಸ ನಿನಗೆ ಕೊಟ್ಟದ್ದು ನೀನು ಈ ಮನೆಗೆ ಬಂದ ಹೊಸದರಲ್ಲಿ. ಅದು ಹೊರೆಯಾಗಲಿ ಎಂದು ಕೊಟ್ಟದ್ದಲ್ಲ. ಡ್ರೈವರುಗಳು ಎಣಿಕೆ ತಪ್ಪಿಸುವುದರಲ್ಲಿ ಗಟ್ಟಿಗರು, ಈ ಮನೆಯಲ್ಲಿ ಅವರ ಮಾತಿಗೆ ಮರುಳಾಗದವರು ನಾನು ಬಿಟ್ಟರೆ ನೀನೊಬ್ಬಳೇ. ನನ್ನ ಮಗನಿಗೂ ಕೊಡದ ನಂಬಿಕೆಯನ್ನು ನಿನಗೆ ಕೊಟ್ಟಿದ್ದೆ. ಅದು ನಿನಗೆ ದಿನಾ ಒಂದು ಹಾಜರಿ ನುಂಗುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ. ಕ್ಲಾಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ನೀನು, ಬೆಳಿಗ್ಗೆ, ಅತ್ತೆ ಎಂದಷ್ಟೇ ಹೇಳುತ್ತಿದ್ದೆ. ನನ್ನೆದುರು ಗಂಟೆ ಹೇಳಲು ನಿನಗೆ ಹೆದರಿಕೆಯಾಯಿತೇ? ನಾನೇನು ಹುಲಿಯೇ? ಉತ್ತರ ಬೇಡ.

ನಿನ್ನ ಅರ್ಜಿಯನ್ನು ನಾನು ಹರಿದು ಹಾಕಿಲ್ಲ. ಹಾಕಬೇಕೆಂದು ಕೈ ತುರಿಸಿತು. ಆದರೆ ಅದು ನಿನ್ನ ಕೈಬರಹ, ನಿನ್ನ ಮಾತು. ಟೀಚರ್ ಶನಿವಾರದವರೆಗೆ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿರುತ್ತೇನೆ ಎಂದಿದ್ದಾಳೆ. ಆಮೇಲೆ ಏನು ಮಾಡಬೇಕೋ ನೀನೇ ಮಾಡು. ಬಿಲ್ಲೆಗಳ ಹಲಗೆ ನನ್ನ ಕೋಣೆಯಲ್ಲಿದೆ, ಕಿಟಕಿಯ ಪಕ್ಕ, ನೆರಳಿನಲ್ಲಿ. ಹೌದು, ಮನೆಯೊಳಗೇ.

ನಾನು ಮಾಡಬೇಕಾದದ್ದನ್ನು ಮಾಡಿಯಾಗಿದೆ. ಇವತ್ತು ಬೆಳಿಗ್ಗೆ ನಿನ್ನ ಗಂಡನನ್ನು ಎಬ್ಬಿಸಿ ಲಾರಿಯ ಹತ್ತಿರ ನಿಲ್ಲಿಸಿದೆ. ಮೊದಲ ಸಲ ಒಂದು ಲೆಕ್ಕ ಬಂತು, ಎರಡನೇ ಸಲ ಇನ್ನೊಂದು. ಡ್ರೈವರು ಹಲ್ಲು ಕಿರಿದ. ಮತ್ತೆ ಎಣಿಸು ಎಂದೆ. ಅಮ್ಮ, ಅವಳು ಬಂದ ಮೇಲೆ ಅವಳೇ ಮಾಡಲಿ ಎಂದ. ಅವಳು ಆ ಹೊತ್ತಿಗೆ ತರಗತಿಯಲ್ಲಿರುತ್ತಾಳೆ ಎಂದೆ. ಎಣಿಸಿದ. ಬೆಳಗಿನ ಲಾರಿ ಇವತ್ತಿನಿಂದ ಅವನದು.

ಇಂತಿ,
ನಿನ್ನ ಅತ್ತೆ

ತಾ.ಕ.: ಬಿಲ್ಲೆಗಳ ಲೆಕ್ಕ ಸರಿಯಾಗಿದೆ, ಆದರೆ ಅದರಲ್ಲಿ ಒಂದು ನಿನ್ನದಲ್ಲ. ಭಟ್ಟಿಯಿಂದ ತೆಗೆದ ಮೇಲೆ ಬೆಂದಿವೆಯೋ ಇಲ್ಲವೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು, ಒಂದನ್ನು ಬೋಗುಣಿ ನೀರಿಗೆ ಹಾಕಿ ಪಕ್ಕದಲ್ಲೇ ಕೂತೆ. ಮೊದಲು ಅಂಚು ಬಿಟ್ಟುಕೊಂಡಿತು, ಆಮೇಲೆ ನೀನು ಕೊರೆದ ಗೆರೆ. ಅಷ್ಟು ಸಂತೋಷ ನನಗೆ ಇತ್ತೀಚೆಗೆ ಆಗಿರಲಿಲ್ಲ. ಅದೇ ಕೆಸರನ್ನು ಬಳಿದು ನಾನೊಂದು ಬಿಲ್ಲೆ ಮಾಡಿಟ್ಟಿದ್ದೇನೆ. ಇನ್ನೂ ತೇವವಿದೆ, ಎತ್ತುವಾಗ ಹುಷಾರು. ನಿನ್ನ ಪುಸ್ತಕ ನೋಡಿಯೇ ಗುರುತು ಕೊರೆದೆ: ಒಂದು ತಲೆ, ಅದರ ಬಾಯಿಯ ಹತ್ತಿರ ಒಂದು ಬಟ್ಟಲು. ಹಾಗೆಂದರೆ ಊಟ ಎಂದು ಅರ್ಥವಂತೆ. ಬಾ ಎನ್ನುವುದಕ್ಕೆ ಎಲ್ಲಿ ಹುಡುಕಿದರೂ ಗುರುತು ಸಿಗಲಿಲ್ಲ.