ಉಪವಾಸ ಮುರಿದ ಶುಕ್ರವಾರ

12 ಆಗಸ್ಟ್ 1983, ರಾಜಗೋಪಾಲನಗರ

ಇವತ್ತು ಉಪವಾಸ ಮುರಿದೆ. ಪೀಣ್ಯದ ಕಾರ್ಖಾನೆಯಲ್ಲಿ ಮಧ್ಯಾಹ್ನ ತಲೆ ಸುತ್ತಿ ಬಿದ್ದಾಗ, ಪಕ್ಕದ ಮೆಷಿನ್ನಿನ ಭಾನುಮತಿ ಎಬ್ಬಿಸಿ ಕೂರಿಸಿ ತನ್ನ ಡಬ್ಬಿಯ ಮೊಸರನ್ನ ತಿನ್ನಿಸಿದಳು. ಬೇಡವೆನ್ನಲಿಲ್ಲ. ರುಚಿಯಾಗಿತ್ತು; ಹೆದರಿಕೆಯಾಗಿದ್ದೇ ಅದಕ್ಕೆ.

ನಮ್ಮ ಚರ್ಚಿನ ಸಭೆಯಲ್ಲಿ ಶುಕ್ರವಾರ ನೀರು ಬಿಟ್ಟು ಏನೂ ಮುಟ್ಟುವಂತಿಲ್ಲ. ಮುರಿದವರು ಎಲ್ಲರೆದುರು ನಿಂತು ಒಪ್ಪಿಕೊಳ್ಳಬೇಕು. ಕೆಲಸ ಬಿಟ್ಟೊಡನೆ ಹೊಸ ಪಾದ್ರಿ ಅಯ್ಯನವರ ಮನೆಗೆ ಹೋಗಿ, ಪ್ರಾಯಶ್ಚಿತ್ತ ಏನು ಮಾಡಲಿ ಎಂದು ಕೇಳಿದೆ.

"ಏನೂ ಬೇಡಮ್ಮ ಸುಗುಣಾ," ಅಂದರು. "ಉಪವಾಸ ಇದ್ದೆ ಅಂತ ದೇವರು ನಿನ್ನ ಆರಿಸ್ಕೊಳ್ಳಲಿಲ್ಲ. ಊಟ ಮಾಡ್ದೆ ಅಂತ ಕೈ ಬಿಡೋದೂ ಇಲ್ಲ. ನೀನು ಹುಟ್ಟೋಕೆ ಮುಂಚೇನೇ ಆರಿಸ್ಕೊಂಡಾಯ್ತು."

"ಹಂಗಾದ್ರೆ ನಮ್ಮಮ್ಮ?" ಅಂದೆ.

ಅಯ್ಯನವರು ಅಮ್ಮನನ್ನು ಕಂಡವರಲ್ಲ. ಜೀವಮಾನವೆಲ್ಲ ಉಪವಾಸ ಮಾಡಿದವಳು, ಕೊನೆಯ ದಿನ ನನ್ನ ಕೈ ಹಿಡಿದು "ನಾನು ಮಾಡಿದ್ದು ಸಾಲ್ತದೇನೇ?" ಎಂದು ಕೇಳುತ್ತಲೇ ಹೋದಳು. ಸಾಲುತ್ತದೆ ಎನ್ನುವ ಧೈರ್ಯ ನನಗಿರಲಿಲ್ಲ. ಅದನ್ನೆಲ್ಲ ಅವರಿಗೆ ಹೇಳಿದೆ.

"ದೇವರು ಮುಂಚೇನೇ ಆರಿಸ್ಕೊಂಡಾಯ್ತು ಅಂತ ಅವರಿಗೆ ಯಾರೂ ಹೇಳಲೇ ಇಲ್ವಲ್ಲಮ್ಮ," ಅಂದರು. ಅವರ ಕಣ್ಣು ತುಂಬಿತ್ತು.

ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು, ಯಾರ ಮೇಲೋ ತಿಳಿಯದು. ಅವರ ಮಾತು ನಿಜವಾದರೆ ಅಮ್ಮನ ಹಸಿವೆಲ್ಲ ಯಾತಕ್ಕೆ? ಸುಳ್ಳಾದರೆ ನನ್ನ ಗತಿ?

ಮನೆಗೆ ಬಂದು, ಮಲಗುವ ಮುಂಚೆ ಮಂಡಿಯೂರಿದೆ. ದಿನವೂ ನನ್ನ ತಪ್ಪುಗಳಿಂದಲೇ ಪ್ರಾರ್ಥನೆ ಶುರುವಾಗುತ್ತಿತ್ತು. ಇವತ್ತು ಎಲ್ಲಿಂದ ಶುರು ಮಾಡುವುದೋ ತೋಚಲಿಲ್ಲ. "ಅಪ್ಪಾ" ಅಂದೆ, ಮುಂದೆ ಮಾತು ಬರಲಿಲ್ಲ.

ಕಣ್ಣು ಎಳೆಯುತ್ತಿದೆ. ನಾಳೆ ಅಯ್ಯನವರನ್ನು ಮತ್ತೆ ಕೇಳಬೇಕು, ಅಮ್ಮನಿಗೆ ಈಗಲಾದರೂ ಗೊತ್ತಾಗಿರಬಹುದೇ ಎಂದು